ಅತ್ತೆ ಹೇಳಿದ ಬೆಣ್ಣೆ

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಅತ್ತೆ, ಅವರ ಸೊಸೆ ಕೂತಿದ್ದರು. ಮನೆಮನೆಯ ಊಟ-ಬಟ್ಟೆಯ ಖರ್ಚು ಕೇಳಿಕೊಂಡು ಹೋದ ಸರ್ಕಾರದವನ ಬಗ್ಗೆ ಮಾತು ನಡೆದಿತ್ತು.

"ದಿನಾ ಬೆಣ್ಣೆ ತಿಂತೀವಿ ಅಂತ ಯಾಕೆ ಹೇಳಿದ್ರಿ ಅತ್ತೆ? ಕಡೆದದ್ದೆಲ್ಲ ಅಂಗಡಿಗೆ ಹೋಗುತ್ತೆ."

"ಹೊರಗಿನವನ ಮುಂದೆ ಮನೆ ಮಾನ ಕಳೀಲಾ? ಅವನು ಹೋದ್ಮೇಲೆ ಎದೆ ಧಸಕ್ ಅಂತು. ಇಷ್ಟು ತಿನ್ನೋ ಮುದುಕಿಗೆ ಪಿಂಚಣಿ ಯಾಕೆ ಅಂತ ನಿಲ್ಲಿಸಿಬಿಟ್ರೆ?"

"ನಿಲ್ಲಿಸಲ್ಲ. ಬೆಳಿಗ್ಗೆ ಅವರ ಕಚೇರಿಗೇ ಹೋಗಿ ಕೇಳ್ದೆ. ಪಿಂಚಣಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಎಲ್ಲ ಮನೆಯವರು ತಿಂದಿದ್ದು ಉಟ್ಟಿದ್ದು ಕೂಡಿಸಿ, ದೇಶದ ಒಟ್ಟು ಆದಾಯದಲ್ಲಿ ಅದೆಷ್ಟು ಪಾಲು ಅಂತ ನೋಡ್ತಾರಂತೆ. ಕೂಡಿಸುವಾಗ ಹೆಸರು ಬಿಟ್ಟುಬಿಡ್ತಾರಂತೆ."

ಅತ್ತೆ ಉದ್ದಕ್ಕೆ ಉಸಿರು ಬಿಟ್ಟು ಗೋಡೆಗೆ ಒರಗಿದರು.

"ಬದುಕಿದೆ ತಾಯಿ. ಸರ್ಕಾರ ಮಾಡೋ ಖರ್ಚನ್ನೂ ನೋಡ್ತಾರಾ?"

"ಅದೂ ಒಂದು ಪಾಲು. ಈ ಡಾಕ್ಟರ ಸಂಬಳ, ನಿಮಗೆ ಕೊಡೋ ಮಾತ್ರೆ, ಎಲ್ಲ."

"ಹಾಗಾದ್ರೆ ನನ್ನ ಮಂಡಿನೋವೂ ದೇಶದ ಲೆಕ್ಕಕ್ಕೆ ಬಂತು ಅನ್ನು!"

"ಬಂತು. ನಿಮ್ಮ ಬೆಣ್ಣೆ ಮಾತ್ರ ತೆಗೆಸಿ ಬಂದೆ."

"ಪೂರ್ತಿನಾ? ಒಂದು ಚಮಚ ಆದ್ರೂ ಬಿಡಬಾರದಿತ್ತೇನೇ?"

"ತಿನ್ನದೇ ಇದ್ದದ್ದನ್ನ ಹೇಗೆ ಬಿಡ್ಲಿ?"

"ಸರಿ, ನಾಳೆ ಕಡೆದದ್ದು ಅಂಗಡಿಗೆ ಬೇಡ. ನಾವೇ ತಿನ್ನೋಣ. ಪಿಂಚಣಿ ಚಿಂತೇಲಿ ಇಷ್ಟು ದಿನ ಅನ್ನವನ್ನೂ ಸರಿಯಾಗಿ ತಿಂದಿಲ್ಲ."

ಒಳಗಿನಿಂದ ನರ್ಸ್ ಕರೆದರು. ಸೊಸೆ ಕೈ ಚಾಚಿದಳು. ಅತ್ತೆ ಅದನ್ನು ಹಿಡಿಯದೆ, ತಾವೇ ಎದ್ದು ಮುಂದೆ ನಡೆದರು.