ಒತ್ತಿ ನೋಡದ ಬೆಲ್

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಗಂಡಹೆಂಡತಿ ಕೂತಿದ್ದರು.

“ಹಾಸಿಗೆ ಹಿಡಿದ ಅಪ್ಪ ನಮ್ಮನ್ನ ಕರೆಯೋಕೆ ಅಂತ ಬೆಲ್ ಕಟ್ಟಿಕೊಟ್ಟಿರಿ. ಒತ್ತಿದರೆ ಸದ್ದೇ ಬರಲಿಲ್ಲ. ತಾವೇ ಎದ್ದು ಬಿದ್ದರು.”

“ಬೆಲ್ಲಿನ ಬ್ಯಾಟರಿ ಸರಿಯಿದೆ ಅಂತ ಅದನ್ನ ಅಳೆಯೋ ಮೀಟರ್ ತೋರಿಸಿತ್ತು ಕಣೇ.”

“ಮೀಟರೂ ಸುಳ್ಳು ಹೇಳುತ್ತಾ?”

“ಮೀಟರಿನೊಳಗಿನ ಬ್ಯಾಟರಿಯೂ ಇಳಿದಿತ್ತು. ಆಗ ಅದು ಎಲ್ಲವನ್ನೂ ಹೆಚ್ಚಿಗೆ ತೋರಿಸುತ್ತೆ.”

“ಕಳ್ಳನಿಗೆ ಕಳ್ಳನೇ ಸಾಕ್ಷಿ ಅಂದ ಹಾಗಾಯ್ತು. ಒಂದು ಸಲ ಬೆಲ್ ಒತ್ತಿ ನೋಡೋಕೆ ನಿಮಗೆ ಬೆರಳಿರಲಿಲ್ವಾ?”

“ಸುಮ್ಮನೆ ಒತ್ತಿದರೆ ಬ್ಯಾಟರಿ ಸವೆಯುತ್ತೆ ಅಂತ...”

“ಹೂಂ. ಅಪ್ಪ ಸವೆದರೆ ಪರವಾಗಿಲ್ಲ.”

ನರ್ಸ್ ಬಂದು, ಮೂಳೆ ಮುರಿದಿಲ್ಲ, ಒಳಗೆ ಬನ್ನಿ ಎಂದಳು. ನಾನೂ ಮನಸ್ಸಿನಲ್ಲೇ ಕೈಮುಗಿದೆ.

“ಮಾವನಿಗೆ ಏನು ಹೇಳಲಿ?”

“ಬ್ಯಾಟರಿ ಉಳಿಸಿದ್ದೀನಿ ಅಂತ ಹೇಳಿ,” ಎನ್ನುತ್ತ ಅವಳು ಮುಂದೆ ನಡೆದಳು. ಅವನು ತಲೆ ತಗ್ಗಿಸಿ ಹಿಂದೆ ಹೋದ.