ತೂಬಿನ ಕಥೆಗೆ ಆಧಾರ

"ನಲವತ್ತು ವರ್ಷದ ಹಿಂದೆ ಪ್ರವಾಹ ಬಂದಾಗ ಕೆರೆ ತೂಬಿನ ಬಾಗಿಲು ಕಚ್ಚಿಕೊಂಡಿತ್ತು. ಸೊಂಟಕ್ಕೆ ಹಗ್ಗ ಕಟ್ಕೊಂಡು ಮುಳುಗಿ ಬಿಡಿಸಿದ್ದು ನಾನೇ" ಎಂದು ಕಣ್ಣಾಸ್ಪತ್ರೆಯ ಬೆಂಚಿನ ಮೇಲಿದ್ದ ಮುದುಕರು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಪಕ್ಕದಲ್ಲಿದ್ದ ನಿವೃತ್ತ ಉಪಾಧ್ಯಾಯಿನಿ ಮೆಚ್ಚಿ ತಲೆದೂಗಿದರು. ಮುದುಕರ ಮೊಮ್ಮಗಳು ಮಾತ್ರ ತಲೆಯೆತ್ತಲಿಲ್ಲ.

"ಕಾಲೇಜಿನವರು ಅಂಕಕ್ಕೆ ಅಂತ ನಮ್ಮೂರ ಬಗ್ಗೆ ಆನ್‌ಲೈನ್ ವಿಶ್ವಕೋಶದಲ್ಲಿ ಬರೆಯೋಕೆ ಹೇಳಿದ್ರಲ್ಲ, ಇದನ್ನ ಹಾಕಿದೆಯೇನೇ?"

"ಹಾಕಿದ್ದೆ ತಾತ. ಆಧಾರ ಎಲ್ಲಿ ಅಂತ ಯಾರೋ ಅಳಿಸಿಬಿಟ್ರು."

"ಗುಂಡುಕಲ್ಲಿನ ಹಾಗೆ ನಾನಿಲ್ವಾ, ಆಧಾರಕ್ಕೆ?"

"ತಾತ ಹೇಳಿದ್ದು ನಡೆಯಲ್ಲ, ಅಚ್ಚಾಗಿರ್ಬೇಕು. ಅದಕ್ಕೆ ಗ್ರಂಥಾಲಯದಲ್ಲಿ ಆ ವಾರದ ಪತ್ರಿಕೆ ತೆಗೆಸಿದೆ."

ಮುದುಕರು ಕನ್ನಡಕ ತೆಗೆದು ಒರೆಸತೊಡಗಿದರು.

"ಫೋಟೋ ಇತ್ತಾ?"

"ಇತ್ತು. ನೀರಲ್ಲಿರೋದು ಪಂಪ್‌ಹೌಸಿನ ಫಿಟ್ಟರು. ನೀವು ದಡದಲ್ಲಿ ಹಗ್ಗ ಹಿಡ್ಕೊಂಡಿದೀರಿ."

ಉಪಾಧ್ಯಾಯಿನಿ ಗೋಡೆಯ ಮೇಲಿನ ಅಕ್ಷರಗಳನ್ನು ಓದುವವರಂತೆ ಆಚೆ ತಿರುಗಿದರು.

"ಆ ಫಿಟ್ಟರ್ ಮುಂದಿನ ವರ್ಷವೇ ಊರು ಬಿಟ್ಟ. ಮುಳುಗಿದ್ದು ನೀನೇ ಅಲ್ವಾ ಅಂತ ಯಾರೋ ಕೇಳಿದ್ರು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಿಮ್ಮಜ್ಜಿಗೂ ಹಾಗೇ ಹೇಳ್ಕೊಂಡು ಬಂದೆ." ಮುದುಕರ ದನಿ ಕುಗ್ಗಿತ್ತು. "ನಿನ್ನ ಅಂಕಗಳೂ ಹೋದ್ವಾ?"

"ಇಲ್ಲ, ನಾಳೆವರೆಗೂ ಸಮಯ ಇದೆ. ಫಿಟ್ಟರ ಹೆಸರು ಹಾಕ್ತೀನಿ."

"ಹಾಕಮ್ಮ. ನನ್ನದು ಬೇಡ."

ಅಷ್ಟರಲ್ಲಿ ದಾದಿ ಕರೆದರು. ಮೊಮ್ಮಗಳು ಅವರ ತೋಳು ಹಿಡಿದು ಎಬ್ಬಿಸಿದಳು.

"ಹಗ್ಗ ಎಷ್ಟು ಹೊತ್ತು ಹಿಡ್ಕೊಂಡಿದ್ರಿ?"

"ಎರಡು ಗಂಟೆ. ಅಂಗೈ ಚರ್ಮ ಕಿತ್ತು ಬಂದಿತ್ತು."

ಬಾಗಿಲ ಬಳಿ ಹುಡುಗಿಯ ಮಾತು ಕೊನೆಯದಾಗಿ ಕೇಳಿಸಿತು.

"ಇನ್ನೊಂದ್ಸಲ ಹೇಳಿ ತಾತ, ಈ ಸಲ ದಡದಿಂದ."