ಉದ್ದಕಾಲಿನ ಜೀಪು

ಆ ಬಾವಿಗೆ ಕಟ್ಟೆ ಇರಲಿಲ್ಲ. ದರ್ಬೆಯಿಂದ ಒಳದಾರಿ ಹಿಡಿದು ಒಂದು ಮೈಲು ನಡೆದರೆ ಬಲಬದಿಗೆ, ದಾರಿಗೆ ತಾಗಿಕೊಂಡೇ ಬಾಯಿ ತೆರೆದು ಬಿದ್ದಿತ್ತು. ಕತ್ತಲಾದ ಮೇಲೆ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ. ನನ್ನ ದೊಡ್ಡಪ್ಪನ ಮಗ ಜತ್ತಪ್ಪ ಮಾತ್ರ ದಿನಾ ಅದೇ ದಾರಿಯಲ್ಲಿ ಮನೆಗೆ ಹೋಗುತ್ತಿದ್ದ. ದರ್ಬೆಯಲ್ಲಿ ಅವನದ್ದು ಜೀಪು ರಿಪೇರಿಯ ಅಂಗಡಿ. ಹಗಲಿಡೀ ಗಾಡಿಯ ಅಡಿಯಲ್ಲಿ ಮಲಗುವವನಿಗೆ ಕತ್ತಲೆ ಏನು ಹೊಸದೇ?

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ, ಧನುರ್ಮಾಸ. ರಾತ್ರಿ ಹತ್ತು ದಾಟಿತ್ತು. ಗಾಳಿ ಇಲ್ಲ, ಒಂದು ಎಲೆಯೂ ಅಲುಗುತ್ತಿಲ್ಲ. ತೀರ್ಥರಾಮ ಅನ್ನುವವನ ಜೀಪಿನ ಕೆಲಸ ಮುಗಿಸಿ, ಅಂಗಡಿಗೆ ಬೀಗ ಜಡಿದು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜತ್ತಪ್ಪ ಬರುತ್ತಿದ್ದ. ಬಾವಿಗೆ ಇನ್ನೂ ಇಪ್ಪತ್ತು ಮಾರು ಇರುವಾಗ ಹಿಂದಿನಿಂದ ಸದ್ದು ಕೇಳಿತು.

ಕಿರ್ರ್… ಟಕ್.

ನಿಂತ. ಸದ್ದೂ ನಿಂತಿತು.

ಎರಡು ಹೆಜ್ಜೆ ಇಟ್ಟ. ಕಿರ್ರ್… ಟಕ್.

ಬೇರೆ ಯಾರಾದರೂ ಆಗಿದ್ದರೆ ಎತ್ತಿನಗಾಡಿ ಅಂದುಕೊಳ್ಳುತ್ತಿದ್ದರು. ಜತ್ತಪ್ಪನಿಗೆ ಗೊತ್ತಿತ್ತು, ಅದು ತನ್ನ ಕೈಯಿಂದಲೇ ಹುಟ್ಟಿದ ಸದ್ದು. ಅಂಥ ಸದ್ದು ಮಾಡುವ ಜೀಪು ಇಡೀ ತಾಲೂಕಿನಲ್ಲಿ ಎರಡೇ ಎರಡು. ಒಂದಕ್ಕೆ ಈಗಷ್ಟೇ ಬೀಗ ಹಾಕಿ ಬಂದಿದ್ದಾನೆ. ಇನ್ನೊಂದು… ನೆಟ್ಟಣದ ಆಚೆಯ ಕಮರಿಯಲ್ಲಿ ಒಂದು ವರ್ಷದಿಂದ ತುಕ್ಕು ಹಿಡಿಯುತ್ತ ಬಿದ್ದಿದೆ.

ಆ ಜೀಪಿನ ಕತೆಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ.

ಆಗ ಕಡಬದಿಂದಾಚೆ ಬಸ್ಸು ಹೋಗದ ಕಡೆಗೆಲ್ಲ ಮಿಲಿಟರಿ ಹರಾಜಿನ ಜೀಪುಗಳೇ ಗತಿ. ದಾರಿ ಅಂದರೆ ಹೆಸರಿಗೆ ದಾರಿ. ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ಹೊಂಡದ ಮೇಲೆ ನೆಲಕ್ಕೆ ತಾಗದೆ ಗರಗರ ತಿರುಗುತ್ತಿತ್ತು, ಜೀಪು ಕೂತಲ್ಲೇ ಕೂತಿರುತ್ತಿತ್ತು. ಇಳಿದು ದೂಡುವ ಕೆಲಸ ಹತ್ತಿದವರದ್ದು. ಜತ್ತಪ್ಪ ಇದಕ್ಕೊಂದು ಉಪಾಯ ಹುಡುಕಿದ. ಮುಂದಿನ ಸ್ಪ್ರಿಂಗಿನ ಪ್ಲೇಟುಗಳಲ್ಲಿ ಎರಡೆರಡನ್ನು ತೆಗೆದು ಮೆದು ಮಾಡಿದ. ಆ ಪ್ಲೇಟುಗಳ ತುದಿಯನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ನೇತುಹಾಕುವ ಕಬ್ಬಿಣದ ಕೊಂಡಿಗೆ ಶ್ಯಾಕಲ್ ಅನ್ನುತ್ತಾರೆ. ಅದನ್ನು ಕುಲುಮೆಯಲ್ಲಿ ಹೊಸದಾಗಿ ಬಡಿಸಿ ಎರಡರಷ್ಟು ಉದ್ದದ್ದು ಹಾಕಿದ. ಚಕ್ರಕ್ಕೆ ಕೆಳಗಿಳಿಯಲು ಅರ್ಧ ಗೇಣು ಹೆಚ್ಚು ಆಟ ಸಿಕ್ಕಿತು. ಹೊಂಡ ಬಂದರೆ ಚಕ್ರ ಕಾಲು ಚಾಚಿದ ಹಾಗೆ ಇಳಿದು ನೆಲ ಹಿಡಿಯುತ್ತಿತ್ತು, ಜೀಪು ಗುರ್ ಅಂತ ಹತ್ತಿಬಿಡುತ್ತಿತ್ತು. ಜನ ಅದಕ್ಕೆ ಉದ್ದಕಾಲಿನ ಜೀಪು ಅಂತಲೇ ಹೆಸರಿಟ್ಟರು.

ಮೊದಲನೆಯದ್ದು ಸವಣೂರಿನ ಅಚ್ಚುತನದ್ದು. ಎಂಟು ತಿಂಗಳು ಅದು ಎಲ್ಲಿಯೂ ಸಿಕ್ಕಿಬೀಳದೆ ಓಡಿತು. ಜತ್ತಪ್ಪ ಮೀಸೆ ತಿರುವಿದ್ದೇ ತಿರುವಿದ್ದು. ಒಂಬತ್ತನೆಯ ತಿಂಗಳಲ್ಲಿ, ನೆಟ್ಟಣದಾಚೆಯ ಕಡಿದಾದ ಇಳಿಜಾರಿನಲ್ಲಿ, ಬ್ರೇಕು ಹಿಡಿಯಲಿಲ್ಲ. ಅಚ್ಚುತ ಜೀಪಿನ ಜೊತೆಗೇ ಕಮರಿಗೆ ಹೋದ. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಆ ಇಳಿಜಾರಿನ ತಲೆಯಲ್ಲಿ ಗುಳಿಗ ದೈವದ ಕಟ್ಟೆ ಉಂಟು. ಇಳಿಯುವ ಮೊದಲು ಡ್ರೈವರುಗಳು ಗಾಡಿ ನಿಲ್ಲಿಸಿ, ಚಪ್ಪಲಿ ಕಳಚಿ, ಒಂದು ವೀಳ್ಯದೆಲೆ ಇಟ್ಟು ಕೈಮುಗಿದು ಹೋಗಬೇಕು. ಹೆಣ ಮೇಲೆ ತಂದ ದಿನ ಯಾರೋ ಕೇಳಿದರು, "ಬ್ರೇಕಿಗೆ ಎಂತ ಆಯಿತು ಜತ್ತಪ್ಪಣ್ಣ?" ಇವನ ಬಾಯಿಂದ ಬಂದ ಮಾತು ಇದು: "ಬ್ರೇಕಿನ ಸುದ್ದಿ ಇರಲಿ ಮಾರಾಯ್ರೆ, ಅವ ಕಟ್ಟೆಯಲ್ಲಿ ನಿಲ್ಲಿಸಿದ್ದಾನಾ ಅಂತ ಕೇಳಿ."

ಅಷ್ಟೇ ಸಾಕಾಯಿತು. ಅಚ್ಚುತ ದೈವಕ್ಕೆ ಕೈಮುಗಿಯದೆ ಹೋದ, ಗುಳಿಗನೇ ಅವನನ್ನು ತೆಗೆದುಕೊಂಡ, ಆ ಮನೆಯ ಮೇಲೆ ದೈವದ ಕೋಪ ಉಂಟು ಅಂತ ಊರೂರು ಸುದ್ದಿ ತಿರುಗಿತು. ಅವನ ಹೆಂಡತಿ ಸೇವಂತಿಯನ್ನು ಯಾರೂ ಅಂಗಳಕ್ಕೆ ಸೇರಿಸುತ್ತಿರಲಿಲ್ಲ. ತಾಯಿ ತಿಮ್ಮಕ್ಕ ಪ್ರತಿ ಸಂಕ್ರಮಣಕ್ಕೆ ಆ ಕಟ್ಟೆಗೆ ಹೋಗಿ, ಮಗ ಮಾಡದ ತಪ್ಪಿಗೆ ಹಣೆ ಚಚ್ಚಿಕೊಂಡು ಬರುತ್ತಿದ್ದಳು. ಜತ್ತಪ್ಪ ಕಮರಿಗಿಳಿದು ಆ ಜೀಪಿನ ಅಡಿಗೆ ಒಮ್ಮೆಯೂ ಬಗ್ಗಿ ನೋಡಿದವನಲ್ಲ. ನೋಡಬೇಕು ಅಂತ ಅನ್ನಿಸಿತ್ತು. ನೋಡಲಿಲ್ಲ. ನನ್ನ ಅಣ್ಣನೇ ಆದರೂ ಇದನ್ನು ಹೇಳಲೇಬೇಕು.

ಈಗ ಬಾವಿಯ ಹತ್ತಿರ ಬನ್ನಿ.

ಸದ್ದು ಅವನನ್ನು ದಾಟಿ ಮುಂದೆ ಹೋಯಿತು. ಮೈಗೆ ತಾಗುವಷ್ಟು ಹತ್ತಿರದಿಂದ. ಎಂಜಿನ್ ಇಲ್ಲ, ದೀಪ ಇಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಬ್ರೇಕ್ ಆಯಿಲಿನ ವಾಸನೆ ಮಾತ್ರ ಗಮ್ಮೆಂದು ಮೂಗಿಗೆ ಬಡಿಯಿತು. ಬಾವಿಯ ಅಂಚಿನಲ್ಲಿ ಸದ್ದು ನಿಂತಿತು. ಆಮೇಲೆ ಬೇರೆ ಸದ್ದು.

ಟಪ್… ಟಪ್…

ನೀರಿನ ಹನಿಯಲ್ಲ, ಅದಕ್ಕಿಂತ ದಪ್ಪ. ಒಣಗಿದ ಎಲೆಯ ಮೇಲೆ ಎಣ್ಣೆ ತೊಟ್ಟಿಕ್ಕುವ ಹಾಗೆ.

"ಜತ್ತಪ್ಪಣ್ಣ…"

ನಮ್ಮಲ್ಲಿ ರಾತ್ರಿ ಯಾರಾದರೂ ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಇಪ್ಪತ್ತು ವರ್ಷ ಗಿರಾಕಿಗಳಿಗೆ ಗಾಡಿಯ ಅಡಿಯಿಂದಲೇ ಉತ್ತರ ಕೊಟ್ಟ ನಾಲಿಗೆ ಅದು. ಮೊದಲ ಕರೆಗೇ ಹೊರಳಿತು.

"ಓ… ಯಾರು?"

"ಚಕ್ರ ನೇತುಬಿಟ್ಟು ನೋಡಿದ್ರಾ?"

ಪಿಸುಮಾತು. ಅಚ್ಚುತನ ಸ್ವರ, ಸಂಶಯವೇ ಇಲ್ಲ.

"ಯಾರ… ಯಾರ ಚಕ್ರ?"

"ನಂದಲ್ಲ… ಅವಂದು."

ಆಮೇಲೆ ಬಾವಿ ಮತ್ತು ಕತ್ತಲೆ ಬಿಟ್ಟರೆ ಏನೂ ಇಲ್ಲ.

ಯಾರೇ ಆದರೂ ಮನೆಯ ಕಡೆಗೆ ಓಡುತ್ತಿದ್ದರು. ಜತ್ತಪ್ಪ ಓಡಿದ್ದು ಹಿಂದಕ್ಕೆ, ದರ್ಬೆಗೆ. 'ಅವ' ಅಂದರೆ ಯಾರು ಅಂತ ಅವನಿಗೆ ಹೊಳೆದಿತ್ತು. ತೀರ್ಥರಾಮ ಬೆಳಿಗ್ಗೆ ಆರಕ್ಕೆ ಬಂದು ಜೀಪು ಒಯ್ಯುವವನು. ಏಳು ತಿಂಗಳ ಬಸುರಿ ಹೆಂಡತಿ ಪಂಕಜಾಕ್ಷಿಯನ್ನು ಕೂರಿಸಿಕೊಂಡು, ಅದೇ ಇಳಿಜಾರಿನಲ್ಲಿ ಇಳಿದು, ತವರಿಗೆ ಬಿಡಬೇಕಾದವನು.

ಅಂಗಡಿಯೊಳಗೆ ಹೊಕ್ಕು ಅಗುಳಿ ಹಾಕಿ ಲಾಟೀನು ಹಚ್ಚಿದ. ಜೀಪು ಬಿಟ್ಟುಹೋದಲ್ಲೇ ನಿಂತಿತ್ತು. ಜ್ಯಾಕನ್ನು ಚಾಸಿಗೆ ಕೊಟ್ಟು ಎತ್ತತೊಡಗಿದ. ಇದನ್ನು ಅವನು ಯಾವತ್ತೂ ಮಾಡಿರಲಿಲ್ಲ, ನೋಡಿ. ಕೆಲಸ ಮುಗಿದ ಮೇಲೆ ಜೀಪು ನಾಲ್ಕು ಚಕ್ರದ ಮೇಲೆ ಸಮ ನಿಂತಿರುವಾಗಲೇ ಬಗ್ಗಿ ನೋಡುವುದು, ಎಲ್ಲ ಸರಿ ಉಂಟು ಅನ್ನುವುದು. ಸಮ ನಿಂತಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಚಾಸಿ ಏರಿತು. ಚಕ್ರಗಳು ಕೆಳಗೇ ಉಳಿದು ಜೋತುಬಿದ್ದವು. ಕಿರ್ರ್… ಟಕ್. ಲಾಟೀನು ಹತ್ತಿರ ಹಿಡಿದ.

ಚಾಸಿಯಿಂದ ಮುಂದಿನ ಎರಡು ಚಕ್ರ ಕೂಡಿಸುವ ಆಕ್ಸಲಿಗೆ ಬ್ರೇಕ್ ಆಯಿಲ್ ಒಯ್ಯುವ ಒಂದು ರಬ್ಬರಿನ ಕೊಳವೆ ಉಂಟು, ಹೋಸು. ಅದು ಹಳೆಯ ಅಳತೆಯದ್ದೇ ಇತ್ತು. ಜೀಪಿನ ಕಾಲು ಉದ್ದ ಮಾಡಿದವನು ಹೋಸನ್ನು ಉದ್ದ ಮಾಡಿರಲಿಲ್ಲ. ಈಗ ಅದು ಎಳೆದು ಕಟ್ಟಿದ ಹಗ್ಗದ ಹಾಗೆ ಬಿಗಿದು ನಿಂತಿತ್ತು. ಕುತ್ತಿಗೆಯ ಹತ್ತಿರ ರಬ್ಬರು ಬಿರಿದಿತ್ತು. ಅವನು ನೋಡುತ್ತಿದ್ದ ಹಾಗೆಯೇ ಬಿರುಕಿನಿಂದ ಆಯಿಲ್ ಒಸರಿತು.

ಟಪ್… ಟಪ್…

ಅದೊಂದು ಹರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಮುಂದಿನ ಚಕ್ರ ದೊಡ್ಡ ಹೊಂಡಕ್ಕೆ ಇಳಿದರೆ ಸಾಕು.

ಜತ್ತಪ್ಪ ಲಾಟೀನು ಕೆಳಗಿಟ್ಟ. ಗುಳಿಗನೂ ಅಲ್ಲ, ಮತ್ತೊಬ್ಬನೂ ಅಲ್ಲ. ಅಚ್ಚುತನನ್ನು ಕೊಂದದ್ದು ತಾನು. ಕೊಂದದ್ದು ಸಾಲದು ಅಂತ ಸತ್ತವನ ತಲೆಯ ಮೇಲೇ ಅಪವಾದ ಹೊರಿಸಿದ್ದೂ ತಾನು. ಮುಖ ಮುಚ್ಚಿಕೊಂಡು ಅತ್ತ. ಇದನ್ನು ಅವನೇ ನನಗೆ ಹೇಳಿದ್ದು. ಅತ್ತೆ ಅಂತ ಗಂಡಸರು ಸುಮ್ಮಸುಮ್ಮನೆ ಹೇಳಿಕೊಳ್ಳುತ್ತಾರಾ?

ಗೋಡೆಯಲ್ಲಿ ಯಾವುದೋ ಲಾರಿಗೆ ತರಿಸಿದ ಉದ್ದದ ಹೋಸು ನೇತಾಡುತ್ತಿತ್ತು. ಅದನ್ನು ತೆಗೆದು ಕೂಡಿಸಿದ. ಹೋಸು ಬದಲಾಯಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಸೀಟಿನಲ್ಲಿ ಕೂತು ಬ್ರೇಕಿನ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಅಡಿಯಲ್ಲಿ ಮಲಗಿ ಚಕ್ರದ ಹಿಂದಿನ ನಿಪ್ಪಲ್ ಅನ್ನುವ ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಪುನಃ ಬಿಗಿ ಮಾಡಬೇಕು. ಹಾಗೆ ನಾಲ್ಕೂ ಚಕ್ರಕ್ಕೆ. ಜತ್ತಪ್ಪ ಅಡಿಗೆ ತೂರಿ ಮಲಗಿದ. ತಲೆ ಸರಿ ಇರಲಿಲ್ಲವೋ, ಅಭ್ಯಾಸಬಲವೋ… ಮಾತು ತಾನಾಗಿ ಬಾಯಿಗೆ ಬಂತು.

"ಒತ್ತು."

ಸರ್ರ್… ಮೇಲೆ ಪೆಡಲ್ ಇಳಿಯಿತು.

ನಿಪ್ಪಲಿನಿಂದ ಗಾಳಿ ಹೊರಟಿತು. ಪುಸ್… ಪುಸ್…

ಬಾಗಿಲಿಗೆ ಒಳಗಿನಿಂದ ಅಗುಳಿ. ಅಂಗಡಿಯೊಳಗೆ ಅವನೊಬ್ಬನೇ. ಹೇಗೋ ನಿಪ್ಪಲ್ ಬಿಗಿ ಮಾಡಿದ.

"ಬಿಡು."

ಟಕ್. ಪೆಡಲ್ ಮೇಲೆ ಬಂತು.

ಎದ್ದು ನೋಡುವ ಧೈರ್ಯ ಇರಲಿಲ್ಲ. ನಿಲ್ಲಿಸುವ ಧೈರ್ಯವೂ ಇರಲಿಲ್ಲ. ಒತ್ತು… ಬಿಡು. ಒತ್ತು… ಬಿಡು. ಒಂದು ಚಕ್ರ ಆಯಿತು, ಎರಡಾಯಿತು, ಮೂರಾಯಿತು. ಕೆಲಸ ಸಾಗಿದ ಹಾಗೆ ಹೆದರಿಕೆ ಸ್ವಲ್ಪ ಇಳಿಯಿತು. ಹೆದರಿಕೆ ಇಳಿದದ್ದೇ ತಡ, ಬೇರೆ ಬುದ್ಧಿ ಹತ್ತಿತು. ಹೋಸು ಬದಲಾಯಿತಲ್ಲ, ತೀರ್ಥರಾಮ ಬದುಕಿಕೊಂಡ. ಹಳೆಯದ್ದನ್ನು ಬಾವಿಗೆ ಎಸೆದರೆ ಮುಗಿಯಿತು. ಯಾರಿಗೆ ಗೊತ್ತಾಗುವುದು? ಹೇಳಿದರೆ ನಾಳೆಯಿಂದ ಈ ಅಂಗಡಿಗೆ ಯಾರು ಕಾಲಿಡುತ್ತಾರೆ?

ನಾಲ್ಕನೆಯ ಚಕ್ರ.

"ಒತ್ತು."

ಇಲ್ಲ.

"ಒತ್ತು ಮಾರಾಯ…"

ಪೆಡಲ್ ಅಲುಗಲಿಲ್ಲ. ಸೀಟು ಮಾತ್ರ ಕಿಚ್ ಎಂದಿತು, ಕೂತವರು ಕೆಳಗೆ ಬಗ್ಗಿದ ಹಾಗೆ. ಅಡಿಯಲ್ಲಿ ಮಲಗಿದವನ ಕಿವಿಗೆ ತನ್ನದಲ್ಲದ ಒಂದು ಉಸಿರು ಕೇಳಿಸುತ್ತಿತ್ತು.

"ಹೇಳ್ತೇನೆ," ಅಂದ ಜತ್ತಪ್ಪ. "ಬೆಳಿಗ್ಗೆಯೇ ಹೇಳ್ತೇನೆ. ನಿನ್ನ ಹೆಂಡ್ತಿಯ ಎದುರು, ನಿನ್ನ ಅಮ್ಮನ ಎದುರು. ತಪ್ಪು ನಂದು ಅಚ್ಚುತ… ನಿಂದಲ್ಲ."

ಸರ್ರ್… ಪೆಡಲ್ ಇಳಿಯಿತು.

ಬೆಳಿಗ್ಗೆ ತೀರ್ಥರಾಮ ಬಂದಾಗ ಜತ್ತಪ್ಪ ಬಿರಿದ ಹೋಸನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ಕೂತಿದ್ದ. ಒಂದನ್ನೂ ಮುಚ್ಚಿಡದೆ ಹೇಳಿದ. ತೀರ್ಥರಾಮ ಬಯ್ಯಲಿಲ್ಲ. ಪುನಃ ಜ್ಯಾಕ್ ಕೊಡಿಸಿ, ಚಕ್ರ ನೇತುಬಿಡಿಸಿ, ಹೊಸ ಹೋಸು ಸಡಿಲ ಇರುವುದನ್ನು ಕಣ್ಣಾರೆ ನೋಡಿದ. ಬ್ರೇಕು ನಾಲ್ಕು ಸಲ ಒತ್ತಿ ನೋಡಿದ. ಕಲ್ಲಿನ ಹಾಗೆ ನಿಂತಿತು.

"ಹತ್ತಿ," ಅಂದ. "ಸವಣೂರು ನನ್ನ ಮನೆಯ ದಾರಿಯಲ್ಲೇ ಉಂಟಲ್ಲ."

ಇಬ್ಬರೂ ಹೋಗಿ ಇಳಿದಾಗ ತಿಮ್ಮಕ್ಕ ಅಂಗಳ ಗುಡಿಸುತ್ತಿದ್ದಳು. ಜತ್ತಪ್ಪ ಹೋಸನ್ನು ಅವಳ ಕಾಲಬುಡದಲ್ಲಿಟ್ಟ.

"ತಿಮ್ಮಕ್ಕ, ಗುಳಿಗ ಅಲ್ಲ. ಅಚ್ಚುತ ಕಟ್ಟೆಯಲ್ಲಿ ನಿಲ್ಲಿಸಿದ್ದಾನೋ ಇಲ್ಲವೋ ನನಗೆ ಗೊತ್ತೇ ಇಲ್ಲ. ಬಾಯಿಗೆ ಬಂದದ್ದು ಹೇಳಿದ್ದು ನಾನು. ಬ್ರೇಕು ಹೋದದ್ದು ನನ್ನ ಕೆಲಸದಿಂದ."

ಮುದುಕಿ ಹಿಡಿಸೂಡಿ ಬಿಡದೆ ಅವನನ್ನೇ ನೋಡಿದಳು.

"ಜೋರಾಗಿ ಹೇಳು."

"ಎಂತ?"

"ಅವತ್ತು ನೀನು ಹೇಳಿದ್ದು ಊರಿಗೆಲ್ಲ ಕೇಳಿತಲ್ಲ? ಇದೂ ಕೇಳಲಿ. ಬೇಲಿಯ ಹತ್ತಿರ ಹೋಗಿ ನಿಂತು ಹೇಳು."

ಜತ್ತಪ್ಪ ಬೇಲಿಯ ಹತ್ತಿರ ಹೋಗಿ ನಿಂತು ಕೂಗಿ ಹೇಳಿದ. ಆಚೆಯ ಮೂರು ಮನೆಯವರು ಹೊರಗೆ ಬಂದರು. ಇನ್ನೊಮ್ಮೆ ಹೇಳಿದ. ಆಗ ತಿಮ್ಮಕ್ಕ ಅಂಗಳದಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಮಗ ಸತ್ತದ್ದು ಇವತ್ತೇ ಅನ್ನುವ ಹಾಗೆ ಅತ್ತಳು.

ಕೂಗು ಕೇಳಿ ಸೇವಂತಿ ಬಾಗಿಲಿಗೆ ಬಂದಳು. ದಾರಂದ ಹಿಡಿದುಕೊಂಡು, ಕುಂಟುತ್ತ.

"ಕಾಲಿಗೆ ಎಂತ ಆಯಿತು?" ಕೇಳಿದ್ದು ತೀರ್ಥರಾಮ.

"ಗೊತ್ತಿಲ್ಲ ಅಣ್ಣ. ಮಲಗುವಾಗ ಸರಿ ಇತ್ತು. ಏಳುವಾಗ ಬಲಗಾಲು ಇಡೀ ಕಲ್ಲಾಗಿ ಹೋಗಿದೆ. ನೆಲಕ್ಕೆ ಊರ್ಲಿಕ್ಕೆ ಆಗುದಿಲ್ಲ."

ಮೆಟ್ಟಿಲಲ್ಲಿ ಕೂತು ಅಂಗಾಲು ತಿರುಗಿಸಿ ತೋರಿಸಿದಳು. ಅಡ್ಡಕ್ಕೆ ನಾಲ್ಕು ಗೆರೆ, ಒಂದೇ ಸಮ ಅಂತರದಲ್ಲಿ, ಕೆಂಪಗೆ ಅಚ್ಚೊತ್ತಿದ ಹಾಗೆ. ತೀರ್ಥರಾಮ ಎದ್ದು ಜೀಪಿನ ಹತ್ತಿರ ಹೋದ. ಬ್ರೇಕಿನ ಪೆಡಲಿಗೆ ಹಾಕಿದ ರಬ್ಬರನ್ನು ಬಗ್ಗಿ ನೋಡಿದ. ಅದರ ಮೇಲೂ ಅಡ್ಡಕ್ಕೆ ನಾಲ್ಕು ಏಣು, ಅದೇ ಅಂತರದಲ್ಲಿ.

ಸೇವಂತಿ ಜೀವಮಾನದಲ್ಲಿ ಡ್ರೈವರ್ ಸೀಟಿನಲ್ಲಿ ಕೂತವಳಲ್ಲ. ಆ ರಾತ್ರಿ ಅತ್ತೆಯ ಪಕ್ಕದಲ್ಲೇ ಮಲಗಿದ್ದಳು, ಚಾಪೆ ಬಿಟ್ಟು ಎದ್ದಿಲ್ಲ ಅಂತ ತಿಮ್ಮಕ್ಕ ದೈವದ ಮೇಲೆ ಆಣೆ ಹಾಕಿದ್ದಾಳೆ. ಸವಣೂರಿನಿಂದ ದರ್ಬೆಗೆ ನಡೆದು ಹೋಗಿ ಬರುವಷ್ಟು ದಾರಿಯೇ ಅದು? ನಗಬೇಡಿ… ಯಾರೋ ಹೇಳಿದ್ದನ್ನು ಕೇಳಿ ನಾನು ಹೇಳುತ್ತಿಲ್ಲ. ಹತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಕಾಲು ನೀಡಿ ಕೂತು ಬೀಡಿ ಕಟ್ಟುತ್ತಿದ್ದಾಗ ನಾನೇ ನೋಡಿದ್ದೇನೆ. ನಾಲ್ಕು ಗೆರೆ. ಬಲ ಅಂಗಾಲಿನಲ್ಲಿ ಮಾತ್ರ.